ಹೌಕಿಯ ಕೊನೆಯ ಮೂರು ದಿನ

"ಹೌಕೀನ ಕಿತ್ತು ಹೊರಗಿಟ್ಟಿದ್ದು ಯಾರು?"

ಬಾಗಿಲಲ್ಲಿ ನಿಂತವನ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಹೆಸರಿಲ್ಲ. ಆದರೆ ಇಂಕೆರಿಗೆ ಆ ದನಿ ಸಾಕಿತ್ತು. ಇಲ್ಲಿನ ನೆಟ್‌ವರ್ಕನ್ನು ದೂರದ ಊರಿನಿಂದ ನೋಡಿಕೊಳ್ಳುವವನದು; ಎರಡು ವರ್ಷ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಫೋನಿನಲ್ಲಿ ಕೇಳಿದ ದನಿ! ಮುಖ ಮಾತ್ರ ನೋಡುತ್ತಿರುವುದು ಇವತ್ತೇ.

ಓಸ್ಮೋ...

"ನಾನೇ," ಎಂದಳು ಕುರ್ಚಿಯಿಂದ ಏಳದೆ. "ಹಳೇ ಸರ್ವರ್. ಸ್ವಿಚ್ ಆಫ್ ಮಾಡಿ ಗುಜರಿಗೆ ಹಾಕ್ದೆ."

"ಉಳಿದ ಎರಡಕ್ಕೂ ಹೇಳದೇನೇ?"

"ಹಬ್ಬದ ಹಿಂದಿನ ದಿನ ಮಧ್ಯಾಹ್ನ ಆಗಿತ್ತು."

ಜೂನ್ ಕೊನೆಯ ನಡುಬೇಸಿಗೆಯ ಯೂಹನ್ನುಸ್ ಹಬ್ಬದ ಹಿಂದಿನ ಮಧ್ಯಾಹ್ನ ಫಿನ್ಲೆಂಡಿನಲ್ಲಿ ಯಾರೂ ಯಾವ ಕೆಲಸವನ್ನೂ ಪೂರ್ತಿ ಮಾಡುವುದಿಲ್ಲ. ಕೈಲಿದ್ದುದನ್ನು ಅಲ್ಲೇ ಬಿಟ್ಟು ಕೆರೆದಡದ ಮನೆಗೆ ಓಡುತ್ತಾರೆ.

ಊರಿಗೆಲ್ಲ ಬಿಸಿನೀರು ಹರಿಸುವ ಆ ಕಂಪನಿಯಲ್ಲಿ ಸರ್ವರ್‌ಗಳು ಮೂರು. ಮೂರಕ್ಕೂ ಮೀನಿನ ಹೆಸರು: ಈ ಆಫೀಸಿನ ಹೌಕಿ, ಬೇರೆ ಕಟ್ಟಡಗಳ ಸೀಕಾ, ಮುಯಿಕ್ಕು. ನೌಕರರ ಹೆಸರು, ಪಾಸ್‌ವರ್ಡ್, ವಿಳಾಸ ಎಲ್ಲ ಇರುವುದು ಇವುಗಳಲ್ಲೇ; ಒಂದರಲ್ಲಿ ಬರೆದದ್ದನ್ನು ಅದು ಉಳಿದೆರಡಕ್ಕೆ ತಿಳಿಸಬೇಕು. ಒಂದನ್ನು ತೆಗೆಯುವಾಗ ಅದರ ಹೆಸರು, ಹೊಣೆ ಎಲ್ಲ ಬಿಡಿಸಿ ಕಳಿಸಬೇಕು. ಇಂಕೆರಿ ಬಿಡಿಸಿರಲಿಲ್ಲ. ಜುಲೈ ಪೂರ್ತಿ ಎಲ್ಲರಿಗೂ ರಜೆ, ಗೊತ್ತಾಗಲಿಲ್ಲ. ಆಗಸ್ಟಿನಲ್ಲಿ ಜನ ವಾಪಸ್ ಬಂದರು ನೋಡಿ, ಶುರುವಾಯಿತು. ಕಂಪ್ಯೂಟರುಗಳು ಇಲ್ಲದ ಹೌಕಿಯನ್ನೇ ಮೊದಲು ಕೂಗುತ್ತವೆ, ಉತ್ತರಕ್ಕೆ ಕಾಯುತ್ತವೆ. ಲಾಗಿನ್ ಆಗಲು ಹತ್ತು ನಿಮಿಷ. ಕಾಲು ಗಂಟೆಗೊಮ್ಮೆ ಪರದೆಯ ಮೇಲೆ ಅದೇ ಕೆಂಪು ಸಾಲು: ಹೌಕಿ ಸಿಗುತ್ತಿಲ್ಲ.

ಓಸ್ಮೋ ಪಕ್ಕದ ಕುರ್ಚಿ ಎಳೆದುಕೊಂಡ. "ಮೂರು ನಲವತ್ತರ ರೈಲು ನಂದು. ನಾಳೆಯಿಂದ ಈ ನೆಟ್‌ವರ್ಕ್ ಬೇರೆ ಕಂಪನಿಗೆ. ಇವತ್ತೇ ಮುಗಿಸೋಣ."

ಇವತ್ತೇ ಕೊನೆಯಾ?!

ಜೂನ್‌ನಲ್ಲಿ ಇದೇ ಮನುಷ್ಯನಿಗೆ ಅವಳು ಹೇಳಿದ್ದಳು: "ಹಬ್ಬಕ್ಕೆ ನಮ್ಮ ದ್ವೀಪದ ಮನೆಗೆ ಬಾ. ದಡಕ್ಕೆ ಬಂದು ಫೋನ್ ಮಾಡಿದ್ರೆ ದೋಣಿ ತರ್ತೀನಿ." ಅವನು ಬರಲಿಲ್ಲ. ಆಮೇಲೆ ಒಂಬತ್ತರ ಫೋನೂ ನಿಂತಿತು. ಅವಳೂ ಮಾಡಲಿಲ್ಲ. ಮಾಡಬಹುದಿತ್ತು. ಆದರೆ ಬಾ ಎಂದು ಕರೆದವಳೇ, ಯಾಕೆ ಬರಲಿಲ್ಲ ಎಂದೂ ಕೇಳಬೇಕೇ?

ಕೇಳದೆ ಬಿಟ್ಟರೆ ಮೂರು ನಲವತ್ತಕ್ಕೆ ಎಲ್ಲ ಮುಗಿಯುತ್ತದೆ...

ಇಬ್ಬರೂ ಕೆಲಸದ ಮಾತಷ್ಟೇ ಆಡಿದರು. ಸದಸ್ಯರ ಪಟ್ಟಿಯಿಂದ ಹೌಕಿಯ ಹೆಸರು ತೆಗೆದರು. ಅದರ ತಲೆಯ ಮೇಲಿದ್ದ ಹೊಣೆಯನ್ನು ಸೀಕಾಗೆ ಒಪ್ಪಿಸಿದರು. ಹೌಕಿಯ ವಿಳಾಸವಿದ್ದ ಸಾಲುಗಳನ್ನು ಒಂದೊಂದಾಗಿ ಹುಡುಕಿ ಅಳಿಸಿದರು.

ಅಷ್ಟರಲ್ಲಿ ಗ್ರಾಹಕರ ಕೌಂಟರಿನ ರಾಯಿಲಿ ಕಾಫಿ ಕಪ್ಪು ಹಿಡಿದು ಬಂದಳು. ಅರವತ್ತು ದಾಟಿದವಳು, ಬಾಯಿಗೆ ಬೀಗವಿಲ್ಲ.

"ಏನ್ರೀ ಇದು, ಸಾವಿನ ಮನೇಲಿ ಕೂತ ಹಾಗೆ ಕೂತಿದೀರ! ಇಂಕೆರಿ, ನನ್ನ ಪಾಸ್‌ವರ್ಡ್ ಕಥೆ ಹೇಳಿದ್ಯಾ ಇವನಿಗೆ?"

"ಮರೆತಿರ್ತೀಯಾ ಕಣೇ ರಾಯಿಲಿ."

"ಮರೆಯೋಕೆ ನಂಗೇನು ನಿನ್ನ ವಯಸ್ಸಾ? ಹಬ್ಬದ ವಾರ ಹೊಸದು ಹಾಕ್ದೆ. ರಜೆ ಮುಗಿಸಿ ಬಂದ್ರೆ ಹೊಸದು ತಗೊಳಲ್ಲ, ಹಳೇದೇ ನಡೀತದೆ. ದೆವ್ವ ಹಿಡಿದಿದೆ!"

ಓಸ್ಮೋ ನೆಟ್ಟಗೆ ಕೂತ. "ಯಾವ ದಿನ ಹಾಕಿದ್ದು?"

"ಬುಧವಾರ. ಮೀನಿನ ಸೂಪು ಇದ್ದ ದಿನ."

ಅವನು ಮುಯಿಕ್ಕುವಿನ ಹಳೆಯ ದಾಖಲೆ ತೆರೆದ. ಹೌಕಿ ಅದರ ಜೊತೆ ಕೊನೆಯ ಸಲ ಮಾತಾಡಿದ್ದು ಆ ವಾರದ ಸೋಮವಾರ.

"ನೋಡು, ನೀನು ಕೀಳೋಕೆ ಮೂರು ದಿನ ಮುಂಚೇನೇ ಹೌಕಿ ಮೂಕಾಗಿತ್ತು. ಈ ಆಫೀಸಿನೋರು ಬರೆದಿದ್ದನ್ನೆಲ್ಲ ತಗೊಂಡಿದೆ, ಯಾರಿಗೂ ಹೇಳಿಲ್ಲ. ಆ ಮೂರು ದಿನ ಇಲ್ಲಿ ಬದಲಾಗಿದ್ದೆಲ್ಲ ಅದರ ಜೊತೆ ಗುಜರಿಗೆ ಹೋಯ್ತು."

"ನಾನಂದಿದ್ದು ಸರಿ ತಾನೆ?" ಎಂದು ರಾಯಿಲಿ ಗೆದ್ದವಳಂತೆ ಹೊರಟಳು.

ಇಂಕೆರಿ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು.

ಆ ಮಂಗಳವಾರವೇ ಅವಳ ಫೋನ್ ನಂಬರ್ ಬದಲಾಗಿತ್ತು. ಹಬ್ಬದ ವಾರವೆಂದು ಒಂಬತ್ತರ ಫೋನೂ ಇರಲಿಲ್ಲ. ಇಲ್ಲಿನ ನಾಲ್ಕು ಜನಕ್ಕೆ ಬಾಯಲ್ಲಿ ಹೇಳಿದ್ದಳು. ಉಳಿದವರಿಗೆಂದು ಕಂಪನಿಯ ವಿಳಾಸ ಪುಸ್ತಕದಲ್ಲಿ ಬರೆದು ಸುಮ್ಮನಾಗಿದ್ದಳು.

ಆ ಪುಸ್ತಕದಲ್ಲಿ ತನ್ನ ಹೆಸರನ್ನು ತೆರೆದಳು.

ಹಳೆಯ ನಂಬರ್!

"ಓಸ್ಮೋ... ಹಬ್ಬದ ದಿನ... ನೀನು ಬಂದಿದ್ಯಾ?"

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆರು ಗಂಟೆಗೆ ದಡದಲ್ಲಿದ್ದೆ. ಫೋನ್ ಮಾಡ್ದೆ. ಈ ನಂಬರ್ ಬಳಕೆಯಲ್ಲಿಲ್ಲ ಅಂತು. ವಿಳಾಸ ಪುಸ್ತಕ ನೋಡ್ದೆ, ಅದೇ ನಂಬರ್. ಎಂಟರ ತನಕ ಮಾಡ್ತಾನೇ ಇದ್ದೆ. ಆಮೇಲೆ... ಬೇಡದವನಿಗೆ ಹೀಗೂ ಹೇಳಬಹುದು ಅಂದ್ಕೊಂಡೆ."

"ದಡದಿಂದ ಒಂದು ಕೂಗು ಹಾಕಬಾರದಿತ್ತಾ?"

"ಬೇರೆಯವರ ಕೆರೆ ಹತ್ರ ನಿಂತು ಕೂಗೋದಾ!"

ಅವನು ನಿಜಕ್ಕೂ ಗಾಬರಿಯಾಗಿದ್ದ. ಇಂಕೆರಿಗೆ ನಗು, ಅಳು ಒಟ್ಟಿಗೇ ಬಂದವು.

"ನಾನು ಹತ್ತರ ತನಕ ಹುಟ್ಟು ಹಿಡ್ಕೊಂಡು ಕೂತಿದ್ದೆ ಕಣೋ. ನಿನ್ನ ಮೇಲೆ ಆರು ವಾರ ಸಿಟ್ಟು ಮಾಡ್ಕೊಂಡೆ. ತಪ್ಪೆಲ್ಲ ನಂದೇ ಅಲ್ವಾ? ಅವತ್ತು ಅದನ್ನ ನೆಟ್ಟಗೆ ಬಿಡಿಸೋಕೆ ಹೋಗಿದ್ರೆ, ಮೂಕಾಗಿದೆ ಅಂತ ಆಗಲೇ ಗೊತ್ತಾಗ್ತಿತ್ತು."

"ಅದರ ಮೇಲೆ ನಿಗಾ ಇಡಬೇಕಾದವನು ನಾನು. ನಾನೂ ಹಬ್ಬದ ಗಡಿಬಿಡೀಲಿದ್ದೆ... ಕ್ಷೌರ ಮಾಡಿಸ್ಕೊಳೋಕೆ ಹೋಗಿದ್ದೆ."

ಮೂರು ಗಂಟೆ ಐದು ನಿಮಿಷ. ಕೆಂಪು ಸಾಲು ಬರಬೇಕಾದ ಹೊತ್ತು ಬಂತು, ಹೋಯಿತು. ಪರದೆ ಸ್ವಚ್ಛವಾಗಿಯೇ ಉಳಿಯಿತು. ಅವನು ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದ.

ಈಗ ಹೇಳದಿದ್ದರೆ ಇನ್ನು ಯಾವಾಗ?

"ನೀನಂದ್ರೆ ನಂಗಿಷ್ಟ, ಓಸ್ಮೋ. ಹಬ್ಬದ ದಿನ ಅದನ್ನ ಹೇಳೋಕೇ ಕರೆದಿದ್ದೆ."

ಅವನ ಕಿವಿ ಕೆಂಪಾದವು. ಜೇಬಿನಿಂದ ಫೋನ್ ತೆಗೆದು ಏನೋ ಒತ್ತತೊಡಗಿದ.

"ಏನ್ಮಾಡ್ತಿದೀಯಾ?!"

"ರೈಲಿನ ಟಿಕೆಟ್ ನಾಳೆಗೆ ಬದಲಾಯಿಸೋಕಾಗುತ್ತಾ ನೋಡ್ತಿದೀನಿ."

"ನಾಳೆ ಶುಕ್ರವಾರ."

"ಹೂಂ?"

"ಭಾನುವಾರಕ್ಕೆ ನೋಡು."

ಅವನು ತಲೆ ಎತ್ತಿದ. ಬೆಳಗಿನಿಂದ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ.

"ಭಾನುವಾರ ಬೆಳಿಗ್ಗೇನಾ, ಸಂಜೇನಾ?"

"ಸಂಜೆ," ಎಂದಳು ಇಂಕೆರಿ. "ಕೊನೇ ರೈಲು."