ಕೆ 27316ರ ಬೋಲ್ಟ್

ನವೆಂಬರಿನ ಎರಡನೆಯ ಭಾನುವಾರ, ಮಧ್ಯಾಹ್ನ ಹನ್ನೆರಡೂಕಾಲಕ್ಕೆ, ಹೆಸ್ಟರ್ ಗಾಫ್ ಎಂಬ ಮೂವತ್ತೆಂಟು ವರ್ಷದ ಬಸ್ ಚಾಲಕಿಯ ಕೈಯಲ್ಲಿ ಅವಳ ತಂದೆಯ ರೈಫಲ್ ಸಿಡಿಯಿತು. ಐದು ನಿಮಿಷದ ಬಳಿಕ ವೆನ್‌ಫರ್ಡ್ ಠಾಣೆಗೆ ಫೋನು ಬಂತು. ಮಾತಾಡಿದವರು ರೈಫಲ್ ಕ್ಲಬ್ಬಿನ ಖಜಾಂಚಿ ಮೊರೀನ್ ಟಿಟ್ಲಿ.

"ಆಂಬುಲೆನ್ಸ್‌ಗೆ ಹೇಳಿದೀವಿ. ನೀವೂ ಬನ್ನಿ. ಅವಳ ಮುಖ ನೋಡೋಕಾಗ್ತಿಲ್ಲ."

ಇನ್‌ಸ್ಪೆಕ್ಟರ್ ಗ್ಲೆನಿಸ್ ಪ್ರಾಥೆರೊ ಯುದ್ಧ ಸ್ಮಾರಕದ ಬಂದೋಬಸ್ತಿನಿಂದ ನೇರವಾಗಿ ಹೊರಟರು. ಹುತಾತ್ಮರ ದಿನದ ಕೆಂಪು ಕಾಗದದ ಹೂವು ಇನ್ನೂ ಕೋಟಿನ ಮೇಲಿತ್ತು. ಜೊತೆಗೆ ಕಾನ್‌ಸ್ಟೇಬಲ್ ಕ್ಯಾಲಮ್ ಟ್ರಾಂಟರ್. ಹಳೆಯ ಕಲ್ಲುಗಣಿಯೊಳಗಿನ ಗುರಿ ಮೈದಾನಕ್ಕೆ ಅವರು ತಲುಪುವ ಹೊತ್ತಿಗೆ ಗಾಯಾಳುವನ್ನು ಕೊಂಡೊಯ್ದಾಗಿತ್ತು. ಇಪ್ಪತ್ತಕ್ಕೂ ಹೆಚ್ಚು ಸದಸ್ಯರು ಅಲ್ಲಲ್ಲೇ ನಿಂತಿದ್ದರು. ಎಲ್ಲರ ಕೋಟಿನ ಮೇಲೂ ಅದೇ ಕೆಂಪು ಹೂವು. ಶೂಟರ್‌ಗಳು ಮಲಗುವ ಚಾಪೆಯ ಮೇಲೆ ರಕ್ತ, ಅದರ ಪಕ್ಕದಲ್ಲಿ ಸೀಳಿಹೋದ ಮರದ ಹಿಡಿ.

ಈ ಕ್ಲಬ್ಬಿನವರು ಸೇನೆ ಬಿಟ್ಟುಕೊಟ್ಟ ಹಳೆಯ ರೈಫಲ್‌ಗಳನ್ನು ಸಂಗ್ರಹಿಸಿ, ಹಾರಿಸಿ ಸಂತೋಷಪಡುವವರು. ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಎಳೆದು ತಳ್ಳಬೇಕಾದ, ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ರೈಫಲ್‌ಗಳು. ಬೋಲ್ಟೆಂದರೆ ಗುಂಡನ್ನು ಒಳಗೆ ತಳ್ಳಿ ಹಿಂದಿನಿಂದ ಬಾಗಿಲಿನಂತೆ ಮುಚ್ಚುವ ಉಕ್ಕಿನ ದಂಡ. ಹೆಸ್ಟರಳ ಕೈಯಲ್ಲಿ ಆ ಬಾಗಿಲೇ ಒಡೆದಿತ್ತು.

ಟ್ರಾಂಟರ್ ಮಹಜರು ಬರೆಯಲು ಕುಳಿತ. ಪ್ರಾಥೆರೊ ಕ್ಲಬ್ಬಿನ ಕೋವಿ ಉಸ್ತುವಾರಿ ಲೆನರ್ಡ್ ಪ್ರೀಸ್‌ನನ್ನು ಕರೆದರು. ಶಾಲೆಯಲ್ಲಿ ಲೋಹದ ಕೆಲಸ ಕಲಿಸಿ ನಿವೃತ್ತನಾದ, ಅರವತ್ತಾರು ವರ್ಷದ ಅಚ್ಚುಕಟ್ಟಾದ ಮನುಷ್ಯ.

"ರೈಫಲ್ ಯಾರದು?"

"ಈಗ ಹೆಸ್ಟರ್‌ದು. ಮೊದ್ಲು ಅವಳಪ್ಪ ವಾಲ್ಟರ್‌ದು. ಮಾರ್ಚ್‌ನಲ್ಲಿ ತೀರ್ಕೊಂಡ."

"ಅಲ್ಲಿಂದ ಇಲ್ಲಿತನಕ ಎಲ್ಲಿತ್ತು?"

"ಇಲ್ಲೇ, ಕ್ಲಬ್ ಬೀರುವಲ್ಲಿ. ಪರವಾನಗಿ ಅವಳ ಹೆಸರಿಗೆ ಆಗೋತನಕ."

"ಬೀಗದ ಕೈ?"

"ನನ್ ಹತ್ರ."

"ಇವತ್ತು ಅವಳು ಹಾರಿಸೋದು ಅಂತ ಯಾರು ಹೇಳಿದ್ದು?"

"ಕಮಿಟಿಯೋರು. ಅಪ್ಪನ ನೆನಪಿಗೆ ಒಂದೇ ಒಂದು ಗುಂಡು ಅಂತ. ನಂಗೆ ಬೆಳಿಗ್ಗೆ ಬಂದ್ಮೇಲೇ ಗೊತ್ತಾಗಿದ್ದು."

"ಹಾರಿಸೋಕ್ಕೆ ಮುಂಚೆ ನೀವು ಪರೀಕ್ಷೆ ಮಾಡಿದ್ರಾ?"

ಪ್ರೀಸ್ ತನ್ನ ಅಂಗೈ ನೋಡಿಕೊಂಡ. "ಮಾಡ್ಬೇಕಿತ್ತು. ವಾಲ್ಟರ್ ಕೋವಿ ಅಲ್ವಾ, ಏನಿರುತ್ತೆ ಅಂತ ಬಿಟ್ಟೆ." ಆಮೇಲೆ ದನಿ ತಗ್ಗಿಸಿದ. "ಸತ್ತೋರ ಬಗ್ಗೆ ಹೇಳ್ಬಾರ್ದು ಮೇಡಂ. ಆದ್ರೆ ತೋಟಾಗಳನ್ನ ವಾಲ್ಟರ್ ಮನೇಲಿ ತಾನೇ ಮದ್ದು ತುಂಬಿ ಮಾಡ್ತಿದ್ದ. ಕೊನೇ ವರ್ಷ ಅವನ ಕೈ ನಡುಗ್ತಿತ್ತು. ಮದ್ದು ಒಂದಕ್ಕೆರಡು ಬಿದ್ದಿರ್ಬೇಕು."

ಹತ್ತಿರ ನಿಂತಿದ್ದವರು ತಲೆಯಾಡಿಸಿದರು. ಸಂಜೆಯ ಹೊತ್ತಿಗೆ ಊರಿಗೆಲ್ಲ ಅದೇ ಮಾತು. ಠಾಣೆಯ ಪ್ರಥಮ ವರ್ತಮಾನ ವರದಿಯಲ್ಲೂ ‘ಆಕಸ್ಮಿಕ, ತೋಟಾ ದೋಷದ ಶಂಕೆ’ ಎಂದೇ ದಾಖಲಾಯಿತು.

ಸೋಮವಾರ ಬೆಳಿಗ್ಗೆ ಪ್ರಾಥೆರೊ ಆಸ್ಪತ್ರೆಗೆ ಹೋದರು. ಹೆಸ್ಟರಳ ಬಲಗಣ್ಣನ್ನು ರಾತ್ರಿಯೇ ತೆಗೆಯಬೇಕಾಗಿ ಬಂದಿತ್ತು. ಮುಖದ ಅರ್ಧ ಬ್ಯಾಂಡೇಜು. ಉಳಿದ ಕಣ್ಣು ಬಾಗಿಲನ್ನೇ ನೋಡುತ್ತಿತ್ತು.

"ಅಪ್ಪನ ತೋಟಾ ಅಂತಿದಾರಂತೆ?"

"ಹಾಗೆ ಅಂತಿದಾರೆ."

"ನೀವೇನಂತೀರಿ?"

"ನಾನಿನ್ನೂ ಏನೂ ಅಂದಿಲ್ಲ."

"ಕಣ್ಣು ಹೋಯ್ತು. ಬಸ್ಸೂ ಹೋಗುತ್ತೆ, ಒಂಟಿಗಣ್ಣವಳ ಕೈಗೆ ಐವತ್ತು ಜನರನ್ನ ಯಾರು ಕೊಡ್ತಾರೆ? ಅದು ಹೋಗ್ಲಿ. ಆದ್ರೆ ನನ್ನ ಕಣ್ಣು ತೆಗೆದಿದ್ದು ಅಪ್ಪಾನಾ? ಹೌದು ಅಂತಾದ್ರೆ ನೀವೇ ಬಂದು ಹೇಳಿ. ಕ್ಲಬ್ಬಿನೋರ ಬಾಯಲ್ಲಿ ಕೇಳೋಕೆ ನಂಗಿಷ್ಟ ಇಲ್ಲ."

"ಹೌದಾದ್ರೂ ಅಲ್ಲದಿದ್ರೂ ನಾನೇ ಬಂದು ಹೇಳ್ತೀನಿ," ಎಂದರು ಪ್ರಾಥೆರೊ.

ಬುಧವಾರ ವಿಧಿವಿಜ್ಞಾನ ಪ್ರಯೋಗಾಲಯದಿಂದ ಕರೆ ಬಂತು. ಪರೀಕ್ಷಕಿ ರೂತ್ ಅಡೆಯೆಮಿ ಒಡೆದ ಬೋಲ್ಟನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಕಾಯುತ್ತಿದ್ದರು.

"ತೋಟಾ ವಿಷಯ ಆಮೇಲೆ. ಮೊದ್ಲು ಇದನ್ನ ನೋಡಿ. ಬೋಲ್ಟನ್ನ ಜಾಗದಲ್ಲಿ ಕಚ್ಚಿ ಹಿಡಿಯೋ ಹಲ್ಲು ಇದು. ಬಿರುಕಿನೊಳಗೆ ಏನಿದೆ?"

"ತುಕ್ಕು."

"ಭಾನುವಾರ ಆದ ಬಿರುಕಿಗೆ ತುಕ್ಕು ಎಲ್ಲಿಂದ ಬರ್ಬೇಕು? ಇದು ಹಳೇದು. ಈಗ ಇಲ್ಲಿ, ಯಾರೋ ಅರದಿಂದ ಉಜ್ಜಿದಾರೆ. ನಾನು ಆಮ್ಲ ಹಾಕ್ದೆ, ಕೆಳಗಿದ್ದ ಮುದ್ರೆ ಮೇಲೆ ಬಂತು. ಕವಾಯತಿಗೆ ಮಾತ್ರ ಅನ್ನೋ ಮುದ್ರೆ. ಶಾಲೆ ಹುಡುಗರು ಭುಜದ ಮೇಲಿಟ್ಟು ಮೆರವಣಿಗೆ ಮಾಡೋಕೆ ಸೇನೆ ಕೊಡ್ತಿದ್ದ ರೈಫಲ್‌ದು. ಗುಂಡು ಹಾರಿಸೋಕೆ ನಾಲಾಯಕ್ಕು."

ಪ್ರಾಥೆರೊ ಬಗ್ಗಿ ನೋಡಿದರು. ಬೋಲ್ಟಿನ ಹಿಡಿಯ ಹಿಂಬದಿಯಲ್ಲಿ ಕೆ 27316 ಎಂದಿತ್ತು. ರೈಫಲ್ಲಿನ ಮೈಮೇಲಿದ್ದ ನಂಬರು ಬೇರೆ, ಎಂ 8052.

"ಎರಡೂ ಹೊಂದಲ್ವಲ್ಲ?"

"ಅದು ಮಾಮೂಲು. ಸೇನೆ ರಾಶಿ ಹಾಕಿ ಮಾರಿದಾಗ ಬೋಲ್ಟ್‌ಗಳು ಬೇರೆ ಪೆಟ್ಟಿಗೆಯಲ್ಲಿ, ಗ್ರೀಸಿನಲ್ಲಿ ಮುಳುಗಿರ್ತಿದ್ವು. ಯಾರ ಬೋಲ್ಟು ಯಾರ ಕೋವಿಗೋ ಸೇರ್ತಿತ್ತು. ನಂಗೆ ಅರ್ಥ ಆಗದ್ದು ಬೇರೆ. ಈ ನಂಬರನ್ನ ಒತ್ತಿ ಒಂದು ವರ್ಷಾನೂ ಆಗಿಲ್ಲ. ಖೋಟಾ ಮಾಡೋನು ಹೊಂದೋ ನಂಬರನ್ನ ಒತ್ತ್ಬೇಕು. ಇವನು ಕಷ್ಟಪಟ್ಟು ಹೊಂದದೇ ಇರೋ ನಂಬರನ್ನ ಒತ್ತಿದಾನೆ."

ವಾಪಸ್ಸು ಬರುವಾಗ ಕಾರಿನಲ್ಲಿ ಪ್ರಾಥೆರೊ ಅದನ್ನೇ ಯೋಚಿಸಿದರು. ಹೊಂದದ ನಂಬರನ್ನು ಒತ್ತಲು ಕಾರಣ ಒಂದೇ. ಅದೇ ನಂಬರಿನ ಬೋಲ್ಟು ಮೊದಲು ಅಲ್ಲಿತ್ತು. ಯಾರೋ ಅದನ್ನು ಕದ್ದು, ಕಳವು ಕಣ್ಣಿಗೆ ಬೀಳದಂತೆ ನಕಲಿಯನ್ನು ಇಟ್ಟಿದ್ದರು.

ಗುರುವಾರ ಸಂಜೆ ಮೊರೀನ್ ಟಿಟ್ಲಿಯವರ ಅಡುಗೆಮನೆಯಲ್ಲಿ ಕುಳಿತು ಪ್ರಾಥೆರೊ ಆ ನಂಬರನ್ನು ಹೇಳಿದರು. ಮೊರೀನ್ ಟೀ ಬಗ್ಗಿಸುವುದನ್ನು ನಿಲ್ಲಿಸಲೂ ಇಲ್ಲ.

"ಅದು ಲೆನ್ ಕೋವಿ ನಂಬರ್ ಕಣಮ್ಮ. ಕ್ಲಬ್ಬಿಗೆಲ್ಲ ಬಾಯಿಪಾಠ."

"ಲೆನರ್ಡ್ ಪ್ರೀಸ್?"

"ಹೂಂ. ಇವ್ರಿಬ್ರೂ ಒಂದೇ ದಿನ ಒಂದೇ ಅಂಗಡೀಲಿ ಕೊಂಡಿದ್ದು. ಲೆನ್ ಕೋವಿಯ ಬೋಲ್ಟು ವಾಲ್ಟರ್ ಕೋವಿಗೆ ಹೋಗಿತ್ತು. ಗೊತ್ತಾಗೋ ಹೊತ್ತಿಗೆ ವಾಲ್ಟರ್ ಅದರಲ್ಲೇ ಎರಡು ಕಪ್ ಗೆದ್ದಿದ್ದ. ಬಿಡ್ತಾನಾ? ಪ್ರತಿ ಕ್ರಿಸ್ಮಸ್ ಊಟದಲ್ಲೂ ಬೋಲ್ಟ್ ಬಿಚ್ಚಿ ಲೆನ್ ಮೂಗಿನ ಮುಂದೆ ಆಡಿಸೋನು. ‘ನಾನ್ ಸತ್ಮೇಲೆ ತಗೊಳ್ಳೋ ಪ್ರೀಸ್, ಅಲ್ಲೀವರೆಗೂ ಜೊಲ್ಲು ಸುರಿಸು’ ಅನ್ನೋನು. ನಾವೆಲ್ಲ ಬಿದ್ದು ಬಿದ್ದು ನಗೋದು."

"ಲೆನ್?"

"ಅವನೂ ನಗ್ತಿದ್ದ." ಮೊರೀನ್ ಕುಳಿತರು. "ಪಾಪ, ಒಳ್ಳೆ ಮನುಷ್ಯ. ಭಾನುವಾರ ನನ್ನ ಜೀವ ಉಳಿಸಿದ್ದೇ ಅವನು."

"ಹೇಗೆ?"

"ಹೆಸ್ಟರ್ ಬಲಗಡೆ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಈ ಲೆನ್ ಎಲ್ಲಿಂದಲೋ ಬಂದು, ‘ಏಳಮ್ಮ, ಹುಡುಗಿಗೆ ಜಾಗ ಬಿಡು’ ಅಂತ ಕುರ್ಚಿ ಎಳೆದು ಆಚೆ ಹಾಕ್ದ. ಟೀ ಎಲ್ಲ ಮೈಮೇಲೆ. ಬೈದೆ. ಅಷ್ಟ್ರಲ್ಲಿ..."

ಮೊರೀನ್ ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳಿದೆನೆಂದು ಆಕೆಗೇ ಆಗ ತಿಳಿದಂತಿತ್ತು. ಕಪ್ಪನ್ನು ಮೇಜಿನ ಮೇಲಿಡಲು ಹೋದರು, ಮೇಜಿನ ಅಂಚು ತಪ್ಪಿತು. ನೆಲಕ್ಕೆ ಬಿದ್ದ ಚೂರುಗಳನ್ನು ಇಬ್ಬರೂ ನೋಡಿದರು. ಯಾರೂ ಎತ್ತಲಿಲ್ಲ.

"ನಲವತ್ತು ವರ್ಷದಿಂದ ನೋಡ್ತಿದೀನಿ ಅವನನ್ನ," ಎಂದರು ಮೊರೀನ್.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಶೋಧನಾ ವಾರಂಟಿನೊಂದಿಗೆ ಪ್ರಾಥೆರೊ ಮತ್ತು ಟ್ರಾಂಟರ್ ಪ್ರೀಸ್‌ನ ಮನೆಗೆ ಹೋದರು. ಏನೂ ಸಿಗುವುದಿಲ್ಲವೆಂದೇ ಪ್ರಾಥೆರೊ ಎಣಿಸಿದ್ದರು. ಬುದ್ಧಿಯಿದ್ದವನು ಕದ್ದ ಬೋಲ್ಟನ್ನು ಸೋಮವಾರವೇ ನದಿಗೆ ಎಸೆದಿರುತ್ತಾನೆ. ಪ್ರೀಸ್ ಬಾಗಿಲು ತೆಗೆದು, ವಾರಂಟು ಓದಿ, ತಾನೇ ಮುಂದೆ ಹೋಗಿ ಉಕ್ಕಿನ ಬೀರುವಿನ ಬೀಗ ತೆಗೆದ. ಒಳಗೆ ಏಳು ರೈಫಲ್‌ಗಳು, ಎಣ್ಣೆ ಸವರಿ ಸವರಿ ಮರಕ್ಕೆ ಜೇನಿನ ಬಣ್ಣ ಬಂದಿತ್ತು. ಟ್ರಾಂಟರ್ ಒಂದೊಂದನ್ನೇ ಎತ್ತಿ ನಂಬರು ಓದಿದ. ನಾಲ್ಕನೆಯದು ಅದು.

"ಮೈಮೇಲೆ ಕೆ 27316."

"ಬೋಲ್ಟು?"

ಟ್ರಾಂಟರ್ ಬೋಲ್ಟಿನ ಹಿಡಿಯನ್ನು ಬೆಳಕಿಗೆ ತಿರುಗಿಸಿದ. ಮತ್ತೊಮ್ಮೆ ಮೈಮೇಲಿನ ನಂಬರು ನೋಡಿದ.

"ಓದಪ್ಪ."

"ಕೆ 27316, ಮೇಡಂ."

ಪ್ರಾಥೆರೊ ಪ್ರೀಸ್‌ನ ಕಡೆ ತಿರುಗಿದರು. "ಇದೇ ನಂಬರಿನ ಬೋಲ್ಟು ಪ್ರಯೋಗಾಲಯದಲ್ಲಿದೆ, ಮಿಸ್ಟರ್ ಪ್ರೀಸ್. ಚೂರಾಗಿ."

"ಅದು ಖೋಟಾ," ಎಂದ ಪ್ರೀಸ್ ತಟ್ಟನೆ. ಮೇಷ್ಟ್ರು ತಪ್ಪು ಲೆಕ್ಕ ತಿದ್ದುವ ದನಿ. "ಇದು ಅಸಲು."

ಮುಂದಿನ ಕ್ಷಣ ಅವನ ಮುಖದ ರಕ್ತ ಇಳಿಯಿತು. ಟ್ರಾಂಟರ್ ಬೀರುವಿನೊಳಗೆ ಬಗ್ಗಿದ. ಬೀರುವಿನ ತಳದಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಬೋಲ್ಟಿತ್ತು. ಅವನ ರೈಫಲ್ಲಿನಲ್ಲಿ ಇಷ್ಟು ವರ್ಷ ಇದ್ದ, ಹೊಂದದ ನಂಬರಿನ ಬೋಲ್ಟು.

"ಇದನ್ನ ವಾಪಸ್ ಹಾಕಿ, ಅಸಲನ್ನ ಎಸೆದಿದ್ರೆ ನಮಗೆ ಏನೂ ಸಿಗ್ತಿರಲಿಲ್ಲ," ಎಂದರು ಪ್ರಾಥೆರೊ. "ನಾಲ್ಕು ದಿನ ಇತ್ತು ನಿಮಗೆ."

"ಎರಡ್ಸಲ ಕೈ ಹಾಕ್ದೆ." ಪ್ರೀಸ್ ಕುರ್ಚಿಯ ಅಂಚಿಗೆ ಕುಸಿದ. "ಒಂದ್ಸಲ ಸೇರಿದ್ಮೇಲೆ ಬಿಡಿಸೋಕಾಗ್ಲಿಲ್ಲ."

ಒಂಬತ್ತೂವರೆಗೆ ಬಂಧನ. ಏನೂ ಹೇಳಬೇಕಾಗಿಲ್ಲ, ಹೇಳಿದ್ದನ್ನು ಸಾಕ್ಷ್ಯವಾಗಿ ಬಳಸಬಹುದು ಎಂದು ತಿಳಿಸಲಾಯಿತು. ಠಾಣೆಗೆ ಬಂದ ಅವನ ವಕೀಲರು ಮಾತಾಡುವುದು ಬೇಡವೆಂದರೂ ಪ್ರೀಸ್ ಮಾತಾಡಿದ.

"ಹಾರಿಸೋದೇ ಇಲ್ಲ ಅಂದಿದ್ಲು. ಕೊಳವೆ ಮುಚ್ಚಿಸಿ, ಅಪ್ಪನ ಫೋಟೋ ಪಕ್ಕ ಗೋಡೆಗೆ ಹಾಕ್ತೀನಿ ಅಂದ್ಲು. ಗೋಡೆ ಮೇಲಿರೋದಕ್ಕೆ ಯಾವ ಬೋಲ್ಟಾದ್ರೇನು ಅಂದ್ಕೊಂಡೆ."

"ಭಾನುವಾರ ಹಾರಿಸ್ತಾಳೆ ಅಂತ ಗೊತ್ತಾಯ್ತಲ್ಲ."

"ಗೊತ್ತಾಯ್ತು."

"ಮೊರೀನ್ ಕುರ್ಚಿ ಯಾಕೆ ಎಳೆದ್ರಿ?"

"ಒಡೆದ್ರೆ ಬಲಗಡೆಗೆ ಸಿಡಿಯುತ್ತೆ."

"ಮೊರೀನ್‌ಗೆ ಏಳು ಅಂದ್ರಿ. ಪಕ್ಕದಲ್ಲೇ ಮಲಗಿದ್ದವಳಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾಕೆ ಅಂತ ಕೇಳ್ತಿದ್ರು. ಬೋಲ್ಟ್ ವಾಪಸ್ ಕೊಡ್ಬೇಕಾಗ್ತಿತ್ತು."

ಟ್ರಾಂಟರನ ಪೆನ್ನು ನಿಂತಿತು. ಪ್ರಾಥೆರೊ ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಕುಡಿದು ಕೊಂದವರನ್ನು, ಸಿಟ್ಟಿನಲ್ಲಿ ಕೊಂದವರನ್ನು ಎದುರು ಕೂರಿಸಿಕೊಂಡಿದ್ದರು. ಇಷ್ಟು ನಿಧಾನವಾಗಿ, ಇಷ್ಟು ವಿನಯದಿಂದ ಹೇಳಿದವರನ್ನು ಕಂಡಿರಲಿಲ್ಲ.

"ಒಂದೇ ಗುಂಡಲ್ವಾ," ಎಂದ ಪ್ರೀಸ್. "ತಡ್ಕೊಂಡ್ರೂ ತಡ್ಕೊಳ್ಳುತ್ತೆ ಅಂದ್ಕೊಂಡೆ."

"ತೋಟಾ ತಪ್ಪು ಅಂತ ಮೊದ್ಲು ಹೇಳಿದ್ದು ನೀವೇ. ನಿಮ್ಮ ಗೆಳೆಯನ ಮೇಲೆ."

"ಅವನಿಗಿನ್ನೇನಾಗ್ಬೇಕಿದೆ?"

ಪ್ರಾಥೆರೊ ಕೈಯಲ್ಲಿದ್ದ ಕಡತ ಮುಚ್ಚಿದರು. ಕಾರಣ ಇನ್ನೂ ಅವರ ಕೈಗೆ ಸಿಕ್ಕಿರಲಿಲ್ಲ. "ಆ ರೈಫಲ್ ನಿಮ್ಮ ತಂದೆ ಯುದ್ಧಕ್ಕೆ ಒಯ್ದದ್ದಾ?"

"ಇಲ್ಲ. ಅಪ್ಪ ಬೇಕರೀಲಿದ್ರು. ಕಾಲು ಸರಿ ಇರ್ಲಿಲ್ಲ ಅಂತ ಸೇನೆಗೆ ತಗೊಳ್ಳಲಿಲ್ಲ."

"ಅಣ್ಣ, ಚಿಕ್ಕಪ್ಪ?"

"ಯಾರೂ ಇಲ್ಲ. ಯಾರ ಕೈಲಿತ್ತೋ ನಂಗೆ ಗೊತ್ತಿಲ್ಲ." ಪ್ರೀಸ್ ತಲೆ ಎತ್ತಿದ. "ಪ್ರತಿ ತಿರುಪಿನ ಮೇಲೂ ಒಂದೇ ನಂಬರಿತ್ತು ಮೇಡಂ. ಬೋಲ್ಟೊಂದು ಬಿಟ್ಟು. ಬೀರು ತೆಗೆದಾಗೆಲ್ಲ ಮೊದ್ಲು ಅದೇ ಕಾಣ್ತಿತ್ತು. ನಾನು ಕೇಳ್ದೇ ಇರ್ಲಿಲ್ಲ. ವಾಲ್ಟರ್‌ನ ಮಣ್ಣು ಮಾಡಿದ ದಿನ ಹೆಸ್ಟರ್‌ನ ಕೇಳ್ದೆ. ‘ಅಪ್ಪ ಇಟ್ಟ ಹಾಗೇ ಇರ್ಲಿ, ಲೆನ್ ಮಾಮ’ ಅಂದ್ಲು. ಅವ್ನು ಸತ್ಮೇಲೆ ತಗೋ ಅಂದಿದ್ದ. ಎಲ್ಲಾರೂ ಕೇಳಿಸ್ಕೊಂಡಿದಾರೆ."

ಅವನು ಅದನ್ನು ತಮಾಷೆ ಎಂದು ಎಂದೂ ತಿಳಿದಿರಲಿಲ್ಲ.

ಶನಿವಾರ ಪ್ರಯೋಗಾಲಯದ ಎರಡನೆಯ ವರದಿ ಬಂತು. ಪ್ರಾಥೆರೊ ಅದನ್ನು ಹಿಡಿದು ಆಸ್ಪತ್ರೆಗೆ ಹೋದರು. ವಾಲ್ಟರ್ ಗಾಫ್ ತುಂಬಿಟ್ಟ ಡಬ್ಬದಲ್ಲಿ ಉಳಿದಿದ್ದ ತೋಟಾಗಳನ್ನೆಲ್ಲ ಬಿಚ್ಚಿ ಮದ್ದು ತೂಗಿದ್ದರು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹೆಸ್ಟರ್ ಹಾರಿಸಿದ ತೋಟಾದ ಹಿತ್ತಾಳೆ ಕೋಶವೂ ಅದನ್ನೇ ಹೇಳಿತ್ತು.

"ಇನ್ನೊಂದ್ಸಲ ಹೇಳಿ," ಎಂದಳು ಹೆಸ್ಟರ್.

"ನಿಮ್ಮಪ್ಪನ ತೋಟಾ ಸರಿಯಾಗಿತ್ತು. ಅವರ ಕೈ ನಡುಗಿರಲಿಲ್ಲ."

ಹೆಸ್ಟರ್ ಗೋಡೆಯ ಕಡೆ ತಿರುಗಿದಳು. ಅವಳ ಭುಜಗಳು ಅಲುಗುವುದು ನಿಂತ ಮೇಲೆ ಪ್ರಾಥೆರೊ ಉಳಿದದ್ದನ್ನು ಹೇಳಿದರು.

"ಲೆನ್ ಮಾಮಾನಾ? ನನ್ನನ್ನ ಕೇಳಿದ್ರಾ? ಯಾವಾಗ?"

"ಅಂತ್ಯಕ್ರಿಯೆ ದಿನ. ಎಲ್ರೂ ಟೀ ಕುಡೀತಿದ್ದಾಗ."

"ನಂಗೆ ನೆನಪೇ ಇಲ್ಲ." ಅವಳು ಉಳಿದ ಕಣ್ಣನ್ನು ಮುಚ್ಚಿಕೊಂಡಳು. "ಅವತ್ತು ಎಲ್ರೂ ಏನೇನೋ ಕೇಳ್ತಿದ್ರು. ಕುರ್ಚಿ ಎಲ್ಲಿಡೋದು, ಅಪ್ಪನ ಕೋಟು ಏನ್ಮಾಡೋದು ಅಂತ. ಎಲ್ಲಾದಕ್ಕೂ ಹಾಗೇ ಅಂದೆ. ಇದ್ದ ಹಾಗೇ ಇರ್ಲಿ ಅಂತ."

ಲೆನರ್ಡ್ ಪ್ರೀಸ್ ತಪ್ಪೊಪ್ಪಿಕೊಂಡ. ಅವನಿಗೆ ಆರು ವರ್ಷ ಶಿಕ್ಷೆಯಾಯಿತು. ಹೆಸ್ಟರ್ ಗಾಫಳ ಬಸ್ ಪರವಾನಗಿ ಜನವರಿಯಲ್ಲಿ ರದ್ದಾಯಿತು. ಫೆಬ್ರವರಿಯಿಂದ ಅವಳು ಅದೇ ಡಿಪೋದ ಕಚೇರಿಯಲ್ಲಿ ಕುಳಿತು ಬೇರೆ ಚಾಲಕರಿಗೆ ಪಾಳಿ ಹಂಚುತ್ತಾಳೆ.