ಒಂದು ತಂಬಿಗೆ ಬಿಸಿನೀರು

ವಿನೋದಾ ಒಗೆದ ಬಟ್ಟೆಯನ್ನು ಎರಡನೆಯ ಸಲ ಹಿಂಡುತ್ತಿದ್ದಾಗ ಅಂಗಳದಲ್ಲಿ ಸೈಕಲ್ಲುಗಳ ಸದ್ದಾಯಿತು. ಹೊರಗಾಗಿ ಅವಳಿಗೆ ಅದು ಮೂರನೆಯ ದಿನ. ಕುಪ್ಪಗಡ್ಡೆಯ ಆ ಮನೆಯಲ್ಲಿ ಹೊರಗಾದ ಹೆಂಗಸಿಗೆ ಕಾರಿನ ಶೆಡ್ಡಿನ ಮಗ್ಗುಲಿನ ಜಗುಲಿಯೇ ಜಾಗ. ನಾಲ್ಕನೆಯ ದಿನ ಮಿಂದು ಒಳಗೆ ಹೋಗುವವರೆಗೆ ಊಟ ತರುವವರನ್ನು ಬಿಟ್ಟರೆ ಆ ಕಡೆ ಯಾರೂ ಸುಳಿಯುವುದಿಲ್ಲ. ಸೊಂಟ ಹಿಡಿದುಕೊಂಡಿತ್ತು. ಎರಡು ರಾತ್ರಿ ನಿದ್ದೆಯಿರಲಿಲ್ಲ.

ಬಂದವರು ಸೊರಬ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಕಮಲಾಕರ ಮತ್ತು ಕಾನ್‌ಸ್ಟೇಬಲ್ ಕೆಂಪಪ್ಪ. ಹಿಂದಿನ ದಿನ, ಎಂದರೆ 1958ರ ನವೆಂಬರ್ 26ರ ಬುಧವಾರ ಸಂಜೆ ಐದೂವರೆಗೆ, ಅವಳ ಮಾವ ಸುಬ್ಬಯ್ಯನವರು ಠಾಣೆಗೆ ಹೋಗಿ ಫಿರ್ಯಾದು ಕೊಟ್ಟಿದ್ದರು. ಅದೇ ದಿನ ಬೆಳಗ್ಗೆ ಏಳಕ್ಕೆ ಮಗಳು ವೇದಾಳನ್ನು ಗಂಡನ ಮನೆಗೆ ಬಿಟ್ಟುಬರಲು ಶಿಕಾರಿಪುರಕ್ಕೆ ಹೊರಟಿದ್ದರು. ಶಿರಾಳಕೊಪ್ಪ ದಾಟುವಷ್ಟರಲ್ಲಿ ಕಾರಿನ ನೀರು ಕುದಿದು ಎಂಜಿನ್ ನಿಂತಿತು. ಡ್ರೈವರ್ ಜಟ್ಟಪ್ಪ ಗೋಣಿಚೀಲ ಹಿಡಿದು ರೇಡಿಯೇಟರಿನ ಮುಚ್ಚಳ ತಿರುವಿದ. ಹಬೆ ಹಾರಿ ಅವನ ಬಲಗೈ ಮೊಣಕೈವರೆಗೆ ಬೆಂದಿತು. ಭತ್ತದ ಲಾರಿಯ ಹಿಂದೆ ಹಗ್ಗ ಕಟ್ಟಿ ಕಾರನ್ನು ಮನೆಗೆ ಎಳೆತಂದರು. ರಜೆ ಕೊಡಲಿಲ್ಲವೆಂಬ ಹಗೆಯಿಂದ ಜಟ್ಟಪ್ಪನೇ ಬೇಕೆಂದು ಕಾರು ಕೆಡಿಸಿದ್ದಾನೆ ಎಂಬುದು ಫಿರ್ಯಾದು. ಎಫ್‌ಐಆರ್ ದಾಖಲಾಯಿತು. ಕೈಗೆ ಪಟ್ಟಿ ಕಟ್ಟಿಸಿಕೊಂಡ ಜಟ್ಟಪ್ಪ ಲಾಕಪ್ಪಿನಲ್ಲಿದ್ದ. ಅವನ ಹೆಂಡತಿ ಬಂಗಾರಮ್ಮ ಬೆಳಗಿನಿಂದ ಈ ಮನೆಯ ಬೇಲಿಬಾಗಿಲಿನ ದಣಪೆಯ ಬಳಿ ಕೂತಿದ್ದಳು.

ಅವಳು ಕೂತಿರುವುದು ತನ್ನಿಂದಲೇ ಎಂದು ವಿನೋದಾಳಿಗೆ ಅನ್ನಿಸುತ್ತಿತ್ತು. ಮಂಗಳವಾರ ಸಂಜೆ, ಹೊರಗಾದ ಮೊದಲನೆಯ ದಿನ, ಹೊಟ್ಟೆಯನ್ನು ಯಾರೋ ತಿರುಚಿದ ಹಾಗೆ ನೋವು. ಬಚ್ಚಲ ಹಂಡೆಯನ್ನು ಮುಟ್ಟುವಂತಿಲ್ಲ, ಬಿಸಿನೀರು ಕೊಡಿ ಎಂದರೆ ಅತ್ತೆ ಯಮುನಮ್ಮ ಕೊಡುವವರಲ್ಲ. ಕಾರು ಆಗಷ್ಟೇ ಸೊರಬದಿಂದ ಬಂದು ನಿಂತಿತ್ತು. ರೇಡಿಯೇಟರಿನ ಕೆಳಗಿನ ಸಣ್ಣ ನಲ್ಲಿಯಿಂದ ಜಟ್ಟಪ್ಪ ಗಡ್ಡ ಕೆರೆಯಲು ಬಿಸಿನೀರು ಬಿಟ್ಟುಕೊಳ್ಳುವುದನ್ನು ಅವಳು ಹಿಂದೆ ನೋಡಿದ್ದಳು. ಅವನು ಹೊರಟುಹೋದ ಮೇಲೆ ಒಂದು ತಂಬಿಗೆ ಹಿಡಿದು, ಬಟ್ಟೆ ಅದ್ದಿ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ನಲ್ಲಿಯನ್ನು ಸರಿಯಾಗಿ ತಿರುವಿದ್ದೆನೇ? ಎರಡು ರಾತ್ರಿ ಅವಳ ಬೆರಳುಗಳು ಕತ್ತಲಲ್ಲಿ ಆ ನಲ್ಲಿಯನ್ನೇ ತಿರುವುತ್ತಿದ್ದವು.

ಬೆಳಗ್ಗೆ 9-40ಕ್ಕೆ ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ಶುರುವಾಯಿತು. ಕೆಂಪಪ್ಪ ಯುದ್ಧಕಾಲದಲ್ಲಿ ಮಿಲಿಟರಿ ಲಾರಿ ಓಡಿಸಿದವನು. ಟೋಪಿ ತೆಗೆದಿಟ್ಟು ಬಾನೆಟ್ಟಿನೊಳಗೆ ತಲೆ ಹಾಕಿದ.

"ಫ್ಯಾನ್ ಬೆಲ್ಟ್ ಐತ್ರಿ ಸಾರ್. ಬಿಗಿ ಐತಿ."

"ಪೈಪು?"

"ಮ್ಯಾಲಿಂದೂ ಕೆಳಗಿಂದೂ ಎರಡೂ ಒಣಗ್ಯಾವು. ಸೋರಿಲ್ರಿ."

"ನಲ್ಲಿ?"

ವಿನೋದಾ ಬಟ್ಟೆ ಹಿಂಡುವುದನ್ನು ನಿಲ್ಲಿಸಿದಳು.

"ಬಿಗಿಯಾಗಿ ಮುಚ್ಚೇತ್ರಿ. ಕೆಳಗೆ ಮಣ್ಣು ಹಸಿ ಆಗಿಲ್ಲ."

ಅವಳು ಮೆಲ್ಲಗೆ ಗೋಡೆಗೆ ಒರಗಿದಳು. ಕೆಂಪಪ್ಪ ಮೇಲಿನಿಂದ ನೀರು ಹೊಯ್ದು ನಲ್ಲಿ ತಿರುವಿದ. ಎರಡು ಹನಿ ಬಿದ್ದು ನಿಂತಿತು. ತಂತಿ ತೂರಿಸಿ ಕೆದಕಿದ. ಕಂದು ಬಣ್ಣದ ಮುದ್ದೆಯೊಂದು ಕಳಚಿ ಅಂಗೈಗೆ ಬಿತ್ತು. ಮೂಸಿ ನೋಡಿದ.

"ತೌಡು ಸಾರ್. ಉಬ್ಬಿ ನೀರಿನ ದಾರಿ ಎಲ್ಲಾ ಕಟ್ಟೇತಿ, ಅದಕ್ಕೇ ಕುದ್ದೇತಿ. ರೇಡಿಯೇಟರ್ ಸೋರಿದ್ರೆ ಡ್ರೈವರುಗಳು ಒಂದು ಹಿಡಿ ಹಾಕ್ತಾರ್ರಿ. ಇದು ಹಂಗಲ್ಲ. ಎಮ್ಮೆಗೆ ಕಲಸಿ ಇಟ್ಟಂಗೈತಿ."

"ನೋಡಿ, ನಾ ಎಂತ ಹೇಳಿದ್ದೆ?" ಎಂದರು ಸುಬ್ಬಯ್ಯನವರು. "ಡ್ರೈವರಿಗಲ್ಲದೆ ಇದು ಯಾರಿಗೆ ಗೊತ್ತಿರತ್ತೆ?"

ಕಮಲಾಕರ ಜಟ್ಟಪ್ಪನ ಹೇಳಿಕೆಯನ್ನು ಜೇಬಿನಿಂದ ತೆಗೆದ. ನಿದ್ದೆಗೆಟ್ಟು ಅವನ ಕಣ್ಣುಗಳು ಕೆಂಪಾಗಿದ್ದವು. "ಮಂಗಳವಾರ ಸಂಜೆ ಆರಕ್ಕೆ ಬಳ್ಳಿಗಾವಿಯ ತಂಗಿ ಮನೆಗೆ ಹೋದೆ, ಬುಧವಾರ ಬೆಳಗ್ಗೆ ನೇರ ಕೆಲಸಕ್ಕೆ ಬಂದೆ ಅಂತಿದಾನೆ. ಹೊರಡುವಾಗ ರೇಡಿಯೇಟರ್ ದಿನಕ್ಕಿಂತ ಒಂದು ಚೆಂಬು ಹೆಚ್ಚಿಗೆ ನೀರು ಹಿಡೀತಂತೆ. ಯಾಕೆ ಅಂತ ಅವನಿಗೂ ಗೊತ್ತಿಲ್ಲ."

"ಸಂಜೆ ಹೋಗೋ ಮೊದಲೇ ತೌಡು ಹಾಕಿರ್ತಾನೆ."

"ಹೋದ ಮೇಲೆ ಕಾರು ಮುಟ್ಟಿದವರು ಯಾರು?"

"ಯಾರೂ ಇಲ್ಲ."

"ಆ ಜಗುಲಿ ಮೇಲಿರೋರು?"

"ಸೊಸೆ. ಹೊರಗೆ ಕೂತಿದಾಳೆ. ಅವಳನ್ನ ಕೇಳೋದು ಎಂತದೂ ಇಲ್ಲ."

ಪಂಚರು ಮುಖ ತಿರುಗಿಸಿಕೊಂಡರು. ಕಮಲಾಕರ ಹತ್ತು ಹೆಜ್ಜೆ ದೂರದಲ್ಲಿ ಬಂದು ನಿಂತ.

"ಮಂಗಳವಾರ ಸಂಜೆ ಇಲ್ಲೇ ಇದ್ರೇನಮ್ಮ?"

ಸುಮ್ಮನಿದ್ದರೆ ನಾಳೆ ಮೀಯುತ್ತೇನೆ, ಒಳಗೆ ಹೋಗುತ್ತೇನೆ, ಯಾರಿಗೂ ಏನೂ ತಿಳಿಯುವುದಿಲ್ಲ. ಜಟ್ಟಪ್ಪ ಜೈಲಿಗೆ ಹೋಗುತ್ತಾನೆ. ವಿನೋದಾ ದಣಪೆಯ ಕಡೆ ನೋಡಿದಳು. ಬಂಗಾರಮ್ಮ ಇವಳನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು.

"ಇದ್ದೆ. ಜಟ್ಟಪ್ಪ ಹೋದ ಮೇಲೆ ಆ ನಲ್ಲಿಯಿಂದ ಒಂದು ತಂಬಿಗೆ ಬಿಸಿನೀರು ಹಿಡಕೊಂಡೆ. ಹೊಟ್ಟೆನೋವಿತ್ತು. ನೀರು ಸಲೀಸಾಗಿ ಬಂತು. ತಿಳಿಯಾಗಿತ್ತು. ತೌಡು ಗೀಡು ಇರಲಿಲ್ಲ."

ಬಾಗಿಲಲ್ಲಿದ್ದ ಯಮುನಮ್ಮ ಕೇಳಿಸಿಕೊಂಡರು. "ಕಾರು ಮುಟ್ಟಿದ್ಯಾ? ಮಠದ ಗುರುಗಳನ್ನ ಕರಕೊಂಡು ಬರೋ ಕಾರು. ಬಿಸಿನೀರು ಬೇಕಾಯ್ತಂತೆ ಮಹಾರಾಣಿಗೆ."

"ಸ್ವಲ್ಪ ತಡೀರಮ್ಮ," ಎಂದ ಕಮಲಾಕರ. ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡ. ಆ ಹೆಚ್ಚಿನ ಚೆಂಬಿನ ಲೆಕ್ಕ ಸರಿಹೋಯಿತು. ತೌಡು ಬಿದ್ದದ್ದು ಜಟ್ಟಪ್ಪ ಬಳ್ಳಿಗಾವಿಯ ದಾರಿ ಹಿಡಿದ ಮೇಲೆ.

"ಅದಾದ ಮೇಲೆ ಶೆಡ್ಡಿನ ಕಡೆ ಯಾರು ಬಂದರು?"

"ನಾನು ಇಲ್ಲಿರುವಾಗ ಈ ಕಡೆ ಯಾರೂ ಬರೋದಿಲ್ಲ."

"ಊಟ ಯಾರು ತಂದರು?"

ಬಾಯಿ ತೆರೆದ ಮೇಲೆ ಅವಳಿಗೆ ಅರ್ಥವಾಯಿತು. ಆಗ ತಡವಾಗಿತ್ತು.

"ವೇದಾ."

ಯಾರೂ ಕರೆಯದೆ ವೇದಾ ತಾನೇ ಹೊರಗೆ ಬಂದಳು. ಇಪ್ಪತ್ತೆರಡು ವರ್ಷ. ಬುಧವಾರ ಬೆಳಗ್ಗೆ ಉಟ್ಟ ಪ್ರಯಾಣದ ಸೀರೆಯನ್ನು ಇನ್ನೂ ಬದಲಿಸಿರಲಿಲ್ಲ.

"ಅತ್ತಿಗೇನ ಕೇಳೋದು ಸಾಕು. ನಾನೇ ಹಾಕಿದ್ದು. ಮಂಗಳವಾರ ರಾತ್ರಿ ಊಟ ಇಟ್ಟು ಹೋಗುವಾಗ, ಕತ್ತಲಲ್ಲಿ, ಸೀಮೆಎಣ್ಣೆ ಲಾಳಿಕೆಯಲ್ಲಿ ಸುರಿದೆ. ಅಟ್ಟದ ಮೇಲೆ ಇಟ್ಟಿದೀನಿ, ತಗೊಳ್ಳಿ."

"ತೌಡು ಹಾಕಿದ್ರೆ ಹಿಂಗಾಗತ್ತೆ ಅಂತ ಹೆಂಗೆ ಗೊತ್ತು?"

"ಗಂಡನ ಮನೇಲಿ ಎರಡು ಬಸ್ಸಿವೆ. ಅವರ ಡ್ರೈವರುಗಳು ಮಾತಾಡ್ಕೊಳ್ತಿದ್ರು."

"ಯಾಕೆ ಹಾಕಿದಿರಿ?"

"ಇದು ನಾಲ್ಕನೇ ಸಲ ನನ್ನನ್ನ ವಾಪಸು ಅಲ್ಲಿಗೆ ಕರಕೊಂಡು ಹೋಗ್ತಿರೋದು. ಪ್ರತಿ ಸಲ ಅಪ್ಪಯ್ಯ ಬಾಗಿಲಲ್ಲಿ ಬಿಟ್ಟು, ಕಾಫಿ ಕುಡಿದು ಬರ್ತಾರೆ. ಒಂದು ಸಲನೂ ಏನೂ ಕೇಳ್ಲಿಲ್ಲ. ಮಗಳನ್ನ ಬಸ್ಸಲ್ಲಿ ಕಳಿಸೋದು ಮರ್ಯಾದೆ ಅಲ್ಲ ಅವರಿಗೆ. ಕಾರು ಕೆಟ್ರೆ ಒಂದು ತಿಂಗಳಾದ್ರೂ ಇಲ್ಲಿರಬಹುದು ಅಂದ್ಕೊಂಡೆ." ದಣಪೆಯ ಕಡೆ ತಿರುಗಿದಳು. "ಜಟ್ಟಪ್ಪನ ಕೈ ಬೇಯತ್ತೆ ಅಂತ ಗೊತ್ತಿರಲಿಲ್ಲ. ಬೆಂದ ಮೇಲೂ ಸುಮ್ಮನಿದ್ದೆ. ಅದನ್ನೂ ಬರಕೊಳ್ಳಿ."

ಸುಬ್ಬಯ್ಯನವರು ಕಾರಿನ ಮಡ್‌ಗಾರ್ಡಿನ ಮೇಲೆ ಕೂತರು. "ಫಿರ್ಯಾದು ವಾಪಸು ತಗೋತೀನಿ."

"ನಿನ್ನೆ ಜಟ್ಟಪ್ಪನ ಹೆಸರಿದ್ದಾಗ ತಗೋಬೇಕಿತ್ತು. ಕೈ ಸುಟ್ಟಿರೋದು ಅವನದು, ಈಗ ಕೇಸು ನಿಮ್ಮೊಬ್ಬರದಲ್ಲ. ಕೋರ್ಟಲ್ಲಿ ಹೇಳಿ." ಕಮಲಾಕರನ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಮನೆಯೋರು ಯಾರಾದರೂ ಜೊತೆಗೆ ಬನ್ನಿ. ಹೆಣ್ಣುಮಗಳು, ಒಬ್ಬಳನ್ನೇ ಕರಕೊಂಡು ಹೋಗಕ್ಕಾಗಲ್ಲ."

ಯಾರೂ ಏಳಲಿಲ್ಲ. ವಿನೋದಾಳ ಗಂಡ ಶಿವಮೊಗ್ಗದಲ್ಲಿದ್ದ. ಯಮುನಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ದಣಪೆಯ ಬಳಿಯಿಂದ ಬಂಗಾರಮ್ಮ ಸೀರೆ ಕೊಡವಿಕೊಂಡು ಎದ್ದಳು.

"ಬರ್ರಿ ಅಮ್ಮಾರೆ. ನಮ್ಮನೆಯೋರನ್ನ ಕರಕಂಡು ಬರಾಕೆ ಹೆಂಗೂ ಸೊರಬಕ್ಕೆ ಹೊಂಟೀನಿ."

ಲಾಳಿಕೆಯ ಕತ್ತಿನಲ್ಲಿ ತೌಡು ಅಂಟಿತ್ತು. ಅದನ್ನು ಕಾಗದದಲ್ಲಿ ಸುತ್ತಿ, ಅರಗು ಹಾಕಿ, ಪಂಚರಿಂದ ಸಹಿ ಹಾಕಿಸಿದರು. 11-25ಕ್ಕೆ ವೇದಾಳನ್ನು ದಸ್ತಗಿರಿ ಮಾಡಲಾಯಿತೆಂದು ಬರೆದರು. ಪೊಲೀಸರು ಸೈಕಲ್ ತಳ್ಳಿಕೊಂಡು, ಹನ್ನೆರಡರ ಬಸ್ಸಿಗೆ ನಾಲ್ವರು ನಡೆದು ಹೋದರು. ಹೋಗುವ ಮೊದಲು ಕಮಲಾಕರ ಜಗುಲಿಯ ಕಡೆ ತಿರುಗಿ, ಸಾಕ್ಷಿಗೆ ಸಮನ್ಸ್ ಬರುತ್ತದೆ, ನೀರಿನ ವಿಷಯ ಹೇಳಿದರೆ ಸಾಕು ಎಂದ. ವೇದಾ ತಿರುಗಿ ನೋಡಲಿಲ್ಲ.

ಅಂಗಳ ಖಾಲಿಯಾಯಿತು. ಮುಚ್ಚಿದ ಬಾಗಿಲ ಹಿಂದಿನಿಂದ ಅತ್ತೆಯ ಬೈಗುಳ ಕೇಳುತ್ತಿತ್ತು. ಮನೆ ಹಾಳುಮಾಡಿದ್ದು ಸೊಸೆಯ ನಾಲಿಗೆಯಂತೆ. ವಿನೋದಾ ಹಿಂಡಿದ ಬಟ್ಟೆಯನ್ನು ಹಗ್ಗದ ಮೇಲೆ ಹರವಿದಳು.

ದೀಪಾವಳಿಯ ಎಣ್ಣೆಸ್ನಾನದ ದಿನ ವೇದಾಳ ಬೆನ್ನಿಗೆ ಎಣ್ಣೆ ಹಚ್ಚಿದವಳು ಅವಳೇ. ಹೆಗಲಿನಿಂದ ಸೊಂಟದವರೆಗೆ ಬಾಸುಂಡೆಗಳು, ಹಳೆಯವು ಕಪ್ಪಾಗಿ, ಹೊಸವು ಇನ್ನೂ ಕೆಂಪಾಗಿ ಇದ್ದವು. ವಿನೋದಾ ಕೂಡ ಏನೆಂದು ಕೇಳಿರಲಿಲ್ಲ. ಕೈ ಮಾತ್ರ ಮೆಲ್ಲಗೆ ಮಾಡಿದ್ದಳು.

ಕೋರ್ಟಿನಲ್ಲಿ ನೀರಿನ ವಿಷಯಕ್ಕೆ ನಿಲ್ಲಿಸುವುದಿಲ್ಲ, ಆ ಬೆನ್ನಿನ ವಿಷಯವನ್ನೂ ಹೇಳುತ್ತೇನೆ, ಯಾರು ಕೇಳಲಿ, ಕೇಳದಿರಲಿ ಎಂದುಕೊಂಡಳು. ಮಧ್ಯಾಹ್ನ ಕೆಲಸದವಳು ಊಟದ ಎಲೆಯನ್ನು ದೂರದಲ್ಲಿಟ್ಟು, "ಏನಾರ ಬೇಕೇನ್ರಮ್ಮ?" ಎಂದಾಗ, ಏನೂ ಬೇಡವೆಂದು ತಲೆಯಾಡಿಸಿದಳು.