ಅಕ್ಕ ಹೆದರಿದ್ದು ಯಾವುದಕ್ಕೆ?

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಇಡೀ ಬೀದಿಯೇ ತಿಳಿಯಬೇಕಾದ ಘಟನೆಯೊಂದು ನಡೆಯಿತು: ಟೈಲರ್ ಅಂಗಡಿಯ ನಿಲುವುಗನ್ನಡಿ ಗೋಡೆಗೆ ಮುಖ ಮಾಡಿ ನಿಂತಿತು.

“ಕೋಟು ಹೇಗಿದೆ ಅಂತ ನಾನು ನೋಡ್ಕೊಳ್ಳೋದು ಬೇಡ್ವೇನಯ್ಯಾ?” ಎಂದರು ಗಿರಾಕಿ.

“ಚೆನ್ನಾಗಿದೆ ಸಾರ್, ನನ್ ಮಾತು ನಂಬಿ,” ಎಂದ ಟೈಲರ್.

ಟೈಲರನ ಕಿರಿಮಗಳಿಗೆ ಹತ್ತು ವರ್ಷ. ಮನೆಯವರು ಅವಳಿಗಿಟ್ಟ ಹೆಸರು ಪ್ರಶ್ನೆಪತ್ರಿಕೆ.

“ಪಾಪ, ಕನ್ನಡಿ ಏನಪ್ಪಾ ಮಾಡ್ತು?”

“ನಿಮ್ಮಕ್ಕ ಊಟ ಬಿಟ್ಟಿದಾಳಲ್ಲ. ಕನ್ನಡಿ ನೋಡಿ ನೋಡಿ, ದಪ್ಪ ಆಗ್ತೀನಿ ಅನ್ನೋ ಭಯ ಹತ್ತುತ್ತಂತೆ. ಮೊಬೈಲಲ್ಲಿ ಬಂದಿತ್ತು.”

“ಭಯವೂ ಇಲ್ಲ, ಗಿಯವೂ ಇಲ್ಲ. ಬರೀ ಹಟ!” ಒಳಗಿನಿಂದ ಅಜ್ಜಿಯ ತೀರ್ಪು ಬಂತು.

ಎರಡು ತಿಂಗಳಲ್ಲಿ ಅಕ್ಕನ ಮುಖ ಬಾಡಿಹೋಗಿತ್ತು. ಮೊನ್ನೆ ಸ್ಕೂಲಿನಲ್ಲಿ ತಲೆಸುತ್ತಿ ಬಿದ್ದಿದ್ದಳು.

ಸಂಜೆ ಅಪ್ಪ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಡಾಕ್ಟರ ಮುಂದೆ ಕುಳಿತ.

“ದಪ್ಪ ಆಗ್ತೀನಿ ಅಂತ ಭಯ ಡಾಕ್ಟ್ರೇ,” ಎಂದು ತಾನೇ ಹೇಳಿಬಿಟ್ಟ.

“ಅವಳು ಹಾಗಂದ್ಳಾ?”

ಅಪ್ಪ ಕೊರಳಲ್ಲೇ ಉಳಿದಿದ್ದ ಅಳತೆಯ ಟೇಪನ್ನು ಸರಿಮಾಡಿಕೊಂಡ.

ಡಾಕ್ಟರು ಅಕ್ಕನ ಕಡೆ ತಿರುಗಿದರು. “ಸ್ವಲ್ಪ ದಪ್ಪ ಆದ್ರೆ ಬೇಜಾರಾ?”

“ಒಳ್ಳೇದೇ ಆಗುತ್ತೆ. ಸ್ಕರ್ಟ್ ಜಾರುತ್ತೆ. ಅಪ್ಪ ಮೂರು ಸಲ ಹಿಡಿದು ಹೊಲಿದಾಯ್ತು.”

ಪ್ರಶ್ನೆಪತ್ರಿಕೆಗೆ ತಡೆಯಲಾಗಲಿಲ್ಲ. “ಡಾಕ್ಟ್ರೇ, ಇವ್ಳು ಐಸ್‌ಕ್ರೀಮ್ ತಿಂತಾಳೆ! ಎರಡು ಕಪ್, ನಂದೂ ಸೇರಿಸಿ! ಬ್ರೆಡ್ ಅಂಚು ಮಾತ್ರ ಮುಟ್ಟಲ್ಲ. ಯಾಕೆ?”

“ಅದನ್ನ ಅಕ್ಕನ್ನೇ ಕೇಳೋಣ. ಗಟ್ಟಿ ತಿಂಡಿ ಬಾಯಲ್ಲಿಟ್ರೆ ಏನಾಗುತ್ತಮ್ಮಾ?”

ಅಕ್ಕ ಗಂಟಲು ಮುಟ್ಟಿಕೊಂಡಳು. “ಸ್ಕೂಲಲ್ಲಿ ಸೇಬಿನ ಹೋಳು ಇಲ್ಲಿ ಸಿಕ್ಕಾಕ್ಕೊಂಡಿತ್ತು. ಉಸಿರೇ ಬರ್ಲಿಲ್ಲ. ಎಲ್ರೂ ನಾಟಕ ಅಂತ ನಕ್ರು. ಈಗ ನುಂಗೋಕೆ ಹೋದ್ರೆ... ಸತ್ತೇ ಹೋಗ್ತೀನಿ ಅನ್ಸುತ್ತೆ.”

“ದಪ್ಪ ಆಗೋ ಭಯಕ್ಕೆ ಊಟ ಬಿಡೋದು ಒಂದು ಕಾಯಿಲೆ,” ಎಂದರು ಡಾಕ್ಟರು. “ನುಂಗೋ ಭಯಕ್ಕೆ ಬಿಡೋದು ಇನ್ನೊಂದು. ತಟ್ಟೆ ನೋಡಿದ್ರೆ ಎರಡೂ ಒಂದೇ ಥರ ಕಾಣುತ್ತೆ. ಚಿಕಿತ್ಸೆ ಬೇರೆ. ಎರಡೂ ಹಟ ಅಂತೂ ಅಲ್ಲ. ಗಂಟಲು, ರಕ್ತ ಎಲ್ಲ ಒಮ್ಮೆ ನೋಡಿಬಿಡ್ತೀನಿ. ಆಮೇಲೆ ಭಯಾನ ನಿಧಾನಕ್ಕೆ ಬಿಡಿಸೋಣ.”

ವಾಪಸು ಬರುವಾಗ ಬಸ್ಸಿನಲ್ಲಿ ಪ್ರಶ್ನೆಪತ್ರಿಕೆ ಅಕ್ಕನ ಕಡೆ ತಿರುಗಿದಳು. ಅಕ್ಕ ಯಾಕೆ ಉಣ್ಣಲ್ಲ ಎಂದು ಈ ಎರಡು ತಿಂಗಳಲ್ಲಿ ಅವಳು ಅಪ್ಪನನ್ನು ಕೇಳಿದ್ದಳು, ಅಜ್ಜಿಯನ್ನು ಕೇಳಿದ್ದಳು, ಟೀಚರನ್ನೂ ಬಿಟ್ಟಿರಲಿಲ್ಲ. ಅಕ್ಕನನ್ನು ಮಾತ್ರ ಕೇಳಿರಲಿಲ್ಲ.

“ಅಕ್ಕಾ, ಈಗ್ಲೂ ಭಯ ಆಗ್ತಿದ್ಯಾ?”

“ಹೂಂ.”

ಅವಳು ಮತ್ತೇನೂ ಕೇಳದೆ ಅಕ್ಕನ ಪಕ್ಕಕ್ಕೆ ಸರಿದು ಕುಳಿತಳು.

ಚಿಕಿತ್ಸೆ ಗುರುವಾರ ಶುರುವಾಯಿತು. ಏಳನೇ ವಾರ ಅಕ್ಕ ಒಂದು ಬಿಸ್ಕತ್ತು ಅಗಿದು ನುಂಗಿದಳು.